ಹಾಡು ಡೇರೆಯದು, ಹೆಸರು ರೇಡಿಯೋದ್ದು

1960ರಲ್ಲಿ ಬಿಡುಗಡೆಯಾದ ‘ಭಕ್ತ ಕನಕದಾಸ’ ಹಾಸನ ಸೀಮೆಯ ಸಿನಿಮಾ ಡೇರೆಗಳಿಗೆ ಬಂದು ಮುಟ್ಟುವ ಹೊತ್ತಿಗೆ ರೀಲಿನ ತುಂಬ ಗೀರು ಬಿದ್ದಿರುತ್ತಿತ್ತು, ನಾಲ್ಕಾರು ಕಡೆ ತುಂಡಾಗಿ ಅಂಟು ಹಾಕಿಸಿಕೊಂಡಿರುತ್ತಿತ್ತು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ವೈ.ಆರ್. ಸ್ವಾಮಿ ನಿರ್ದೇಶಿಸಿ ಎಂ. ವೆಂಕಟರಾಜು ಸಂಗೀತ ಕೊಟ್ಟ ಆ ಚಿತ್ರದಲ್ಲಿ ಕನಕನ ವೇಷದ ರಾಜ್‌ಕುಮಾರ್ ಬಾಗಿಲಾಚೆಯ ದೇವರನ್ನು ಕೂಗಿ ಕರೆದು ಹಾಡಿದರೆ ನೆಲದ ಟಿಕೆಟ್ಟಿನವರೂ ಕುರ್ಚಿಯವರೂ ಒಟ್ಟಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಆಟ ಬಿಟ್ಟ ಮೇಲೆ ಎತ್ತಿನ ಗಾಡಿಯಲ್ಲಿ ಊರಿಗೆ ಮರಳುವಾಗ, ಈ ಹಾಡು ಹೇಳಿದ್ದು ಯಾರು ಎಂದು ಯಾರಾದರೂ ಕೇಳಿದ್ದರೆ ಅದು ಹುಚ್ಚು ಪ್ರಶ್ನೆಯಾಗುತ್ತಿತ್ತು. ಇನ್ಯಾರು ಹೇಳ್ತಾರೆ ಕಣಯ್ಯ, ರಾಜ್‌ಕುಮಾರೇ ಹೇಳಿದ್ದು, ಬಾಯಿ ಆಡಿಸಿದ್ದು ಕಾಣಲಿಲ್ವಾ?

ಹೇಳಿದವರು ಕಾಕಿನಾಡದಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ್ದ, ಬಿ.ಕಾಂ. ಓದಿದ, ತೆಲುಗು ಮನೆಮಾತಿನ ಪ್ರತಿವಾದಿ ಭಯಂಕರ ಶ್ರೀನಿವಾಸ್. ಆಗ ಅವರಿಗೆ ಮೂವತ್ತು ವರ್ಷ. 1952ರಲ್ಲಿ ಜೆಮಿನಿಯವರ ಹಿಂದಿ ಚಿತ್ರ ‘ಮಿಸ್ಟರ್ ಸಂಪತ್’ನಲ್ಲಿ ಸಣ್ಣದಾಗಿ ಶುರುಮಾಡಿ, ಮರುವರ್ಷ ‘ಜಾತಕ ಫಲ’ದಿಂದ ಕನ್ನಡಕ್ಕೆ ಬಂದಿದ್ದರು. ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಅವರು ಎದುರಿಗೆ ನಡೆದುಹೋಗಿದ್ದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ದನಿ ಮಾತ್ರ ಮನೆಮನೆಯದಾಗಿತ್ತು.

ಜನರ ನಂಬಿಕೆಯನ್ನು ದಡ್ಡತನ ಎಂದು ನಗುವುದು ಸುಲಭ, ಆದರೆ ಅದಕ್ಕೆ ತಕ್ಕ ಕಾರಣವಿತ್ತು. ಈ ಸೀಮೆಯವರು ಸಿನಿಮಾಕ್ಕಿಂತ ಮೊದಲು ಕಂಪನಿ ನಾಟಕ ನೋಡಿದವರು. ನಾಟಕದಲ್ಲಿ ವೇಷ ಹಾಕಿದವನೇ ಹಾಡಬೇಕು; ಹಾಡಲು ಬಾರದವನಿಗೆ ರಾಜಪಾರ್ಟು ಸಿಗುತ್ತಿರಲಿಲ್ಲ. ಹೊನ್ನಪ್ಪ ಭಾಗವತರು 1955ರ ‘ಮಹಾಕವಿ ಕಾಳಿದಾಸ’ದಲ್ಲಿಯೂ ಪಾತ್ರ ತಾವೇ ಮಾಡಿ ಹಾಡು ತಾವೇ ಹಾಡಿದ್ದರು. ರಾಜ್‌ಕುಮಾರ್ ಸಹ ಗುಬ್ಬಿ ಕಂಪನಿಯಲ್ಲಿ ಪಳಗಿದವರು, ಕಂಠ ಇದ್ದವರು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಡನೆ ಒಂದು ಯುಗಳಗೀತೆಯನ್ನು ಅವರೇ ಹಾಡಿದ್ದಾರೆ. ಹೀಗಿರುವಾಗ ಬೇರೊಬ್ಬ ಎಲ್ಲೋ ಕೋಣೆಯಲ್ಲಿ ನಿಂತು ಹಾಡಿ, ಇವರು ಬರಿದೇ ತುಟಿ ಅಲುಗಿಸುತ್ತಾರೆಂದರೆ ನಂಬುವುದು ಹೇಗೆ? ನಟನೊಬ್ಬ, ಗಾಯಕನೊಬ್ಬ ಎಂಬ ವಿಂಗಡಣೆ ಡೇರೆಯೊಳಗೆ ಹುಟ್ಟಲಿಲ್ಲ. ಅದನ್ನು ಹುಟ್ಟಿಸಿದ್ದು ರೇಡಿಯೋ. ಗಾಯಕರಿಗೆ ಹೆಸರು ಬಂದದ್ದು, ಹೆಸರು ಬಂದ ಮೇಲೆ ಅಭಿಮಾನಿಗಳು ಬಂದದ್ದು, ಅಭಿಮಾನಿಗಳು ಬಂದ ಮೇಲೆ ಜಗಳ ಬಂದದ್ದು ಎಲ್ಲವೂ ಉದ್ಘೋಷಕರ ಬಾಯಿಂದ ಎಂಬುದು ನನ್ನ ವಾದ.

ಡೇರೆಯ ಕಡೆಯಿಂದ ಸಿಗುತ್ತಿದ್ದ ದಾಖಲೆಯೆಂದರೆ ಹಾಡಿನ ಪುಸ್ತಕ. ಅಂಗೈಗಿಂತ ಸ್ವಲ್ಪ ದೊಡ್ಡದು, ಎಂಟೋ ಹನ್ನೆರಡೋ ಪುಟ, ಮುಟ್ಟಿದರೆ ಬೆರಳಿಗೆ ಮಸಿ ಹತ್ತುವ ನ್ಯೂಸ್‌ಪ್ರಿಂಟು. ಮುಖಪುಟದಲ್ಲಿ ಒಂದೇ ಬಣ್ಣದ ಬ್ಲಾಕಿನಲ್ಲಿ ನಾಯಕ ನಾಯಕಿ. ಒಳಗೆ ಪಾತ್ರವರ್ಗ, ಆಮೇಲೆ ಅರ್ಧ ಕಥೆ. ರೋಚಕವಾದ ಕಡೆಗೆ ಕಥೆಯನ್ನು ಕೈಬಿಟ್ಟು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಬರೆದಿರುತ್ತಿದ್ದರು. ಉಳಿದ ಪುಟಗಳಲ್ಲಿ ಹಾಡುಗಳು, ಪಲ್ಲವಿ ಎಲ್ಲಿ ಮುಗಿದು ಚರಣ ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಒತ್ತೊತ್ತಾಗಿ. ಕು.ರಾ.ಸೀ., ಹುಣಸೂರು ಕೃಷ್ಣಮೂರ್ತಿ, ಜಿ.ವಿ. ಅಯ್ಯರ್ ಅಂಥ ಸಾಹಿತ್ಯದವರ ಹೆಸರಿಗೆ ಅದರಲ್ಲಿ ಜಾಗ ಸಿಗುತ್ತಿತ್ತು, ಸಂಗೀತದವರದಕ್ಕೂ ಸಿಗುತ್ತಿತ್ತು. ಯಾವ ಹಾಡನ್ನು ಯಾರು ಹಾಡಿದರು ಎಂಬುದು ಮಾತ್ರ ಎಷ್ಟೋ ಪುಸ್ತಕಗಳಲ್ಲಿ ಇರುತ್ತಿರಲಿಲ್ಲ. ಇದ್ದರೂ ‘ಹಿನ್ನೆಲೆ ಗಾಯನ’ ಎಂದು ಒಂದೇ ಸಾಲಿನಲ್ಲಿ ಐದಾರು ಹೆಸರು ಗುಡ್ಡೆ ಹಾಕಿ ಮುಗಿಸುತ್ತಿದ್ದರು. ಹೆಂಗಸರು ಈ ಪುಸ್ತಕವನ್ನು ಸಂಪ್ರದಾಯದ ಹಾಡುಗಳ ನೋಟ್‌ಬುಕ್ಕಿನ ಜೊತೆಗೇ ಇಟ್ಟುಕೊಳ್ಳುತ್ತಿದ್ದರು. ಆರತಿ ಹಾಡು ಮುಗಿದ ಪುಟದ ಪಕ್ಕದಲ್ಲೇ ಸಿನಿಮಾ ಹಾಡು ನಕಲಾಗಿರುತ್ತಿತ್ತು.

ಇನ್ನೊಂದು ದಾರಿ ಮೈಕ್ ಸೆಟ್ಟಿನದು. ಮದುವೆ ಮನೆಗೆ, ಊರಹಬ್ಬಕ್ಕೆ, ಹರಿಸೇವೆಗೆ ಮೈಕಿನವನು ಬಂದನೆಂದರೆ ಮಕ್ಕಳು ಅವನ ಬೆನ್ನು ಬಿಡುತ್ತಿರಲಿಲ್ಲ. ಕರೆಂಟಿಲ್ಲದ ಊರಾದರೆ ಆಂಪ್ಲಿಫೈಯರಿಗೆ ಕಾರಿನ ಬ್ಯಾಟರಿ. ತೆಂಗಿನ ಮರಕ್ಕೋ ಅರಳೀಮರಕ್ಕೋ ಕಹಳೆಯಂಥ ಅಹುಜಾ ಹಾರ್ನ್ ಕಟ್ಟಿ, ಕೀ ಕೊಟ್ಟು ತಿರುಗಿಸುವ ಪ್ಲೇಟಿನ ಮೇಲೆ 78ರ ವೇಗದ ಅರಗಿನ ತಟ್ಟೆ ಇಡುತ್ತಿದ್ದ. ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ, ಅಷ್ಟರಲ್ಲಿ ಹಾಡು ಮುಗಿಯಬೇಕು. ಮುಗಿಯದಿದ್ದರೆ ತಟ್ಟೆ ಮಗುಚಿ ಹಾಕಬೇಕು. ವಿರಹದ ಹಾಡಿನ ನಟ್ಟನಡುವೆ ಕರಕರ ಸದ್ದು, ಆಮೇಲೆ ಉಳಿದ ವಿರಹ. ಸೂಜಿ ಸವೆದರೆ ದನಿಗೆ ನೆಗಡಿ ಹಿಡಿಯುತ್ತಿತ್ತು. ಸೂಜಿಗೆ ದುಡ್ಡು ಹಾಕಬೇಕಲ್ಲ ಎಂದು ಮೈಕಿನವನು ಒಂದನ್ನೇ ಹತ್ತು ಹಾಡಿಗೆ ಓಡಿಸುತ್ತಿದ್ದ. ತಟ್ಟೆಯ ನಡುವಿನ ಚೀಟಿಯಲ್ಲಿ ನಾಯಿಯ ಚಿತ್ರ, ಚಿತ್ರದ ಹೆಸರು, ಅದರ ಕೆಳಗೆ ಗಾಯಕರ ಹೆಸರು. ಹೀಗಾಗಿ ಊರಿನಲ್ಲಿ ಗಾಯಕರ ಹೆಸರು ಮೊದಲು ಗೊತ್ತಾಗುತ್ತಿದ್ದವನು ಮೈಕಿನವನೇ. ಅವನಿಗೆ ಇಂಗ್ಲಿಷ್ ಅಕ್ಷರ ಬಂದರೆ, ಅಷ್ಟೇ.

ಡೇರೆಗೂ ಹಾರ್ನ್ ಇರುತ್ತಿತ್ತು. ಸಂಜೆ ಟಿಕೆಟ್ ಕೊಡುವ ಮುಂಚೆ ಸುತ್ತಲಿನ ಹಳ್ಳಿಗಳಿಗೆ ಕೇಳಿಸುವ ಹಾಗೆ ರೆಕಾರ್ಡು ಹಾಕುತ್ತಿದ್ದರು. ಕಡೆಗೆ ಘಂಟಸಾಲ ಹಾಡಿದ ವೆಂಕಟೇಶನ ಸ್ತುತಿ ಬಂದರೆ ಆಟ ಶುರುವಾಯಿತೆಂದೇ ಲೆಕ್ಕ. ಕರ್ನಾಟಕ, ಆಂಧ್ರದ ಎಷ್ಟೋ ಡೇರೆಗಳಲ್ಲಿ ಇದೇ ಪದ್ಧತಿ. ಹೊಲದ ದಾರಿಯಲ್ಲಿ ನಡೆದು ಬರುತ್ತಿದ್ದವರು ಆ ಹಾಡು ಕಿವಿಗೆ ಬಿದ್ದೊಡನೆ ಪಂಚೆ ಎತ್ತಿ ಕಟ್ಟಿ ಓಟ ಕೀಳುತ್ತಿದ್ದರು. ಮಲ್ಲಿಪಟ್ಟಣದಂಥ ಹೋಬಳಿ ಊರಿನ ಸುತ್ತಿನವರಿಗೆ ಸಿನಿಮಾ ಎಂದರೆ ಡೇರೆ ಎಲ್ಲಿ ಬಂದಿದೆಯೋ ಅಲ್ಲಿಗೆ ಹೋಗುವುದು. ಲೈಸೆನ್ಸ್ ಮುಗಿದರೆ ಡೇರೆ ಕಿತ್ತು ಬೇರೆ ಕಡೆ ಹೊರಡುತ್ತಿತ್ತು. ರಾಗಿ ಒಕ್ಕಣೆ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲಕ್ಕೆ ಡೇರೆ ಬಂದರೆ ಮಾಲೀಕನ ಪುಣ್ಯ. ತೆಲುಗು ದೇಶದ ಒಬ್ಬ ಗಾಯಕ ಹೀಗೆ ಕನ್ನಡದ ಹಳ್ಳಿಗಳಿಗೆ ಗಡಿಯಾರವಾದ. ಆ ಹಾಡಿನ ದನಿಯೇ ‘ವೀರಕೇಸರಿ’ ಚಿತ್ರದ ಹಾಡಿನ ದನಿ ಎಂದು ಹೊಂದಿಸಿ ನೋಡಿದವರು ಮಾತ್ರ ಆಗ ಕಡಿಮೆ.

ಇನ್ನು ರೇಡಿಯೋ. ಈ ಸೀಮೆಗೆ ಅದು ತೀರ ಹೊಸದೇನಲ್ಲ. ಪಕ್ಕದ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ತಮ್ಮ ಮನೆಯಿಂದ ‘ಆಕಾಶವಾಣಿ’ ಶುರುಮಾಡಿದ್ದರು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಆದರೆ ಸಿನಿಮಾ ಹಾಡಿಗೂ ಸರ್ಕಾರಿ ರೇಡಿಯೋಕ್ಕೂ ಆಗಿಬರುತ್ತಿರಲಿಲ್ಲ. 1952ರಲ್ಲಿ ಪ್ರಸಾರ ಖಾತೆಗೆ ಬಂದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ಕಟ್ಟಾ ಅಭಿಮಾನಿ. ಸಿನಿಮಾ ಹಾಡು ಜನರ ರುಚಿ ಕೆಡಿಸುತ್ತದೆಂದು ಅದಕ್ಕೆ ಕತ್ತರಿ ಹಾಕಿದರು. ಜನ ರುಚಿ ತಿದ್ದಿಕೊಳ್ಳಲಿಲ್ಲ, ಮುಳ್ಳು ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯ ‘ಬಿನಾಕಾ ಗೀತ್‌ಮಾಲಾ’ ಹೊರಟಿತು. ಹಲ್ಲುಪುಡಿ, ಟೂತ್‌ಪೇಸ್ಟಿನ ಜಾಹೀರಾತಿನ ನಡುವೆ ಹಾಡು ಎಂದು ಕೊಂಕು ಆಡಿದವರೂ ಬುಧವಾರ ರಾತ್ರಿ ಎಂಟಕ್ಕೆ ಕಿವಿ ಕೊಟ್ಟರು. ಐದು ವರ್ಷ ತಡೆದು ನೋಡಿ 1957ರ ಅಕ್ಟೋಬರ್ 3ರಂದು ಸರ್ಕಾರವೇ ವಿವಿಧ ಭಾರತಿ ತೆರೆಯಿತು. ಸಚಿವರೊಬ್ಬರು ಕೇಳುಗರ ಎದುರು ಸೋಲೊಪ್ಪಿಕೊಂಡ ಇಂಥ ಪ್ರಸಂಗ ನಮ್ಮ ದೇಶದಲ್ಲಿ ಹೆಚ್ಚಿಲ್ಲ.

ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಕಟ್ಟಬೇಕಿದ್ದ ಕಾಲ ಅದು. ವಾಲ್ವಿನ ಮರ್ಫಿ, ಫಿಲಿಪ್ಸ್ ಪೆಟ್ಟಿಗೆ ಬಿಸಿಯೇರಿ ಮಾತಾಡಲು ಒಂದಷ್ಟು ಹೊತ್ತು ಬೇಕು. ಹೆಂಚಿನ ಮೇಲೆ ಏರಿಯಲ್ ತಂತಿ ಎಳೆದಿರಬೇಕು. ಎಲ್ಲರ ಮನೆಯಲ್ಲಿ ಅದೆಲ್ಲಿ? ಪಟೇಲರ ಮನೆ, ಸೊಸೈಟಿ, ಪಂಚಾಯಿತಿ ಕಟ್ಟೆ, ಬಸ್ ನಿಲ್ದಾಣದ ಹೋಟೆಲು, ಅಷ್ಟೇ. ಹೋಟೆಲಿನವನು ಗಲ್ಲಾಪೆಟ್ಟಿಗೆಯ ಮೇಲಿನ ಶೆಲ್ಫಿನಲ್ಲಿ ರೇಡಿಯೋ ಇಟ್ಟು ಹೂವಿನ ಹಾರ ಹಾಕಿದರೆ ಒಂದು ಕಾಫಿಗೆ ಒಂದು ಗಂಟೆ ಕೂರುವವರ ಕಾಟ ಶುರುವಾಯಿತೆಂದು ಅರ್ಥ. ಶಾರ್ಟ್‌ವೇವಿನ ದನಿ ನಿಂತಲ್ಲಿ ನಿಲ್ಲುವುದಿಲ್ಲ. ರಫಿ ಪಲ್ಲವಿಯಲ್ಲಿ ಎದೆಯ ಹತ್ತಿರವಿದ್ದು, ಚರಣಕ್ಕೆ ಸಮುದ್ರದಾಚೆಗೆ ಹೋಗಿ, ಮತ್ತೆ ಪಲ್ಲವಿಗೆ ಮರಳುತ್ತಿದ್ದರು. ಹಾಡಿನ ನಡುವಿನ ಸಾಲುಗಳನ್ನು ಕೇಳುಗರೇ ಊಹಿಸಿ ತುಂಬಿಕೊಳ್ಳಬೇಕು. ಹಿಂದಿ ಬಾರದವರೂ ತುಂಬಿಕೊಳ್ಳುತ್ತಿದ್ದರು ಎಂಬುದೇ ಸೋಜಿಗ.

ಆದರೆ ಮುಖ್ಯವಾದದ್ದು ಹಾಡಿನ ಹಿಂದುಮುಂದಿನ ಆ ಎರಡು ಮಾತು. ಚಿತ್ರ ಇಂಥದು, ಗಾಯಕರು ಇಂಥವರು. ಡೇರೆಯಲ್ಲಿ ಎಂದೂ ಕಿವಿಗೆ ಬೀಳದ ಸುದ್ದಿ ಇದು. ಬೆಂಗಳೂರು ನಿಲಯದ ಚಿತ್ರಗೀತೆಗಳಲ್ಲಿ ದಿನವೂ ಅದನ್ನೇ ಕೇಳಿ ಕೇಳಿ ಶಾಲೆಯ ಹುಡುಗರಿಗೂ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲಾ, ಪಿಠಾಪುರಂ ನಾಗೇಶ್ವರರಾವ್ ಎಂಬ ಹೆಸರುಗಳು ಬಾಯಿಪಾಠವಾದವು. ಆಗ ಬಿಹಾರದಲ್ಲಿದ್ದ ಝುಮ್ರಿ ತಿಲಯ್ಯಾ ಎಂಬ ಗಣಿ ಊರು ಸಿಲೋನಿಗೆ ಬರೆದ ಕೋರಿಕೆಯ ಕಾರ್ಡುಗಳಿಂದಲೇ ದೇಶಕ್ಕೆಲ್ಲ ಪರಿಚಯವಾಯಿತು. ನಮ್ಮ ಕಡೆಯ ಊರುಗಳಿಗೆ ಅಷ್ಟು ಖ್ಯಾತಿ ಬರಲಿಲ್ಲ. ಕಾರ್ಡಿನ ಚಟ ಮಾತ್ರ ಬಂತು. ಒಂದೇ ಕಾರ್ಡಿನಲ್ಲಿ ಹತ್ತು ಗೆಳೆಯರ ಹೆಸರು ತುರುಕಿ, ಅದರಲ್ಲಿ ಒಂದಾದರೂ ಓದಲಿ ಎಂದು ಕಾಯುವುದು. ಓದಿದರೆ ಆ ಹುಡುಗ ವಾರವೆಲ್ಲ ಊರಿಗೆ ದೊಡ್ಡ ಮನುಷ್ಯ.

ಹೆಸರು ಬಂದ ಮೇಲೆ ಪಕ್ಷಗಳು ಹುಟ್ಟಿದವು. ಗಂಡುದನಿಯಲ್ಲಿ ಮೊದಲ ಜಗಳ ಶ್ರೀನಿವಾಸರಿಗೂ ಘಂಟಸಾಲರಿಗೂ. 1963ರ ‘ವೀರಕೇಸರಿ’ಯಲ್ಲಿ ಘಂಟಸಾಲ, ಸುಶೀಲಾ ಹಾಡಿದ ಯುಗಳಗೀತೆ ಬಂದಾಗಲಂತೂ ಘಂಟಸಾಲರ ಕಡೆಯವರು ತಲೆ ಎತ್ತಿ ತಿರುಗಿದರು. ಅವರ ವಾದ ಇಷ್ಟು: ಗಂಡಸಿನ ದನಿ ಎಂದರೆ ಎದೆಯಿಂದ ಬರಬೇಕು, ರಾಜನ ಪಾತ್ರಕ್ಕೆ ಗತ್ತು ಬೇಕು, ಅದು ಮೈಸೂರು ಅರಮನೆಯ ಗಂಟೆ ಹೊಡೆದ ಹಾಗಿರಬೇಕು. ಶ್ರೀನಿವಾಸರ ಕಡೆಯವರ ಉತ್ತರ: ಗಂಟೆ ಕೇಳಲಿಕ್ಕೆ ದೇವಸ್ಥಾನಕ್ಕೆ ಹೋಗು, ಹಾಡಿನಲ್ಲಿ ನಮಗೆ ಮಾತು ತಿಳಿಯಬೇಕು. ನ್ಯಾಯವಾಗಿ ಹೇಳಬೇಕೆಂದರೆ ಎರಡನೆಯವರ ಮಾತಿನಲ್ಲಿ ತೂಕವಿತ್ತು. ಘಂಟಸಾಲರ ಕನ್ನಡದಲ್ಲಿ ತೆಲುಗಿನ ವಾಸನೆ ಹೋಗಲಿಲ್ಲ. ಶ್ರೀನಿವಾಸರು ಹಲವು ಭಾಷೆ ಕಲಿತು ಅವುಗಳಲ್ಲಿ ಕವಿತೆ ಬರೆದ ಮನುಷ್ಯ. ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ಎಲ್ಲಿಯೂ ಜಾರಲಿಲ್ಲ. ತಾರಸ್ಥಾಯಿಯಲ್ಲಿ ಅವರ ದನಿ ತೆಳುವಾಗುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ಕೆಳಗಿನ ಸ್ವರಗಳಲ್ಲಿ ಆ ದನಿ ನಿಲ್ಲುತ್ತಿದ್ದ ರೀತಿಗೆ ಆಗ ದಕ್ಷಿಣದಲ್ಲಿ ಸಾಟಿ ಇರಲಿಲ್ಲ ಎಂದೇ ನನ್ನ ಅಂದಾಜು. ಕುರುಡ ಗಾಯಕನೊಬ್ಬನ ಕಥೆಯ ‘ಕಣ್ತೆರೆದು ನೋಡು’ (1961), ಕಿವಿ ಕೇಳದವರ ಬದುಕಿನ ‘ನಾಂದಿ’ (1964) ಎರಡನ್ನೂ ಕೇಳಿ ನೋಡಬೇಕು. ‘ನಾಂದಿ’ಯಲ್ಲಿ ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಶ್ರೀನಿವಾಸರಿಂದ ಒಂದು ಜೋಗುಳ ಹಾಡಿಸಿದ್ದಾರೆ. ಜೋಗುಳ ಎಂದರೆ ಹೆಂಗಸರದೇ ಎಂದುಕೊಂಡಿದ್ದ ಮನೆಗಳಲ್ಲಿ ಅಪ್ಪಂದಿರು ಅದನ್ನು ಗುನುಗತೊಡಗಿದರು.

ಹೆಣ್ಣುದನಿಯ ಜಗಳ ಇನ್ನೂ ಸೂಕ್ಷ್ಮ. ಸುಶೀಲಾ ಅವರ ಹಾಡಿನಲ್ಲಿ ಒಂದು ಎಳೆಯೂ ಆಚೀಚೆ ಆಗುವುದಿಲ್ಲ, ತೊಳೆದಿಟ್ಟ ಹಾಗೆ ಸ್ವರ. ಜಾನಕಿಯವರು ಹಾಗಲ್ಲ, ಅಳು, ನಗು, ಬಿಕ್ಕು, ಮಗುವಿನ ತೊದಲು ಎಲ್ಲವನ್ನೂ ಹಾಡಿನೊಳಗೇ ತಂದುಬಿಡುತ್ತಾರೆ. ಇಬ್ಬರೂ ಆಂಧ್ರದವರು, ಸುಶೀಲಾ ವಿಜಯನಗರಂ, ಜಾನಕಿ ಗುಂಟೂರು ಕಡೆ. 1963ರ ‘ಕುಲವಧು’ವಿನಲ್ಲಿ ಜಿ.ಕೆ. ವೆಂಕಟೇಶ್ ಬೇಂದ್ರೆಯವರ ಯುಗಾದಿ ಪದ್ಯವನ್ನು ಜಾನಕಿಯವರ ಕೈಗೆ ಕೊಟ್ಟ ಮೇಲೆ ಕನ್ನಡದ ಮಟ್ಟಿಗೆ ತಕ್ಕಡಿ ಯಾವ ಕಡೆ ವಾಲಿತೆಂಬುದು ಹೆಚ್ಚು ಚರ್ಚೆಯ ವಿಷಯವಲ್ಲ. ಈಗಲೂ ಯುಗಾದಿ ಬೆಳಿಗ್ಗೆ ಆ ಹಾಡು ಹಾಕದ ಬಾನುಲಿ ಇಲ್ಲ.

ಮೂರನೆಯ ಪಕ್ಷವೊಂದಿತ್ತು: ಹಿಂದಿಯವರು. ಹಾಸನದ ಹೈಸ್ಕೂಲು, ಕಾಲೇಜು ಹುಡುಗರಲ್ಲಿ ಇದರ ಜೋರು. 1960ರಿಂದ 1963ರವರೆಗೆ ನಾಲ್ಕೂ ವರ್ಷ ಬಿನಾಕಾದ ವಾರ್ಷಿಕ ಪಟ್ಟಿಯ ಮೊದಲ ಹಾಡಿನಲ್ಲಿ ರಫಿಯ ದನಿಯಿತ್ತು. ಕಡೆಯದರಲ್ಲಿ ಲತಾ ಜೊತೆಗೂಡಿದ್ದರು. ಮರುವರ್ಷ ‘ಸಂಗಮ್’ ಬಂದು ಮುಕೇಶ್ ಆ ಜಾಗಕ್ಕೆ ಬಂದರು. ಇವರೆದುರು ಕನ್ನಡದವರಿಗೆ ಒಂದು ಕೊರಗು: ನಮ್ಮ ಚಿತ್ರಗಳೇ ವರ್ಷಕ್ಕೆ ಹತ್ತಿಪ್ಪತ್ತು, ಹಾಡು ಎಷ್ಟಿದ್ದಾವು? ಅದೂ ಎಲ್ಲ ಧ್ವನಿಮುದ್ರಣ ಮದರಾಸಿನಲ್ಲಿ. ಅಲ್ಲಿ ಸ್ಟುಡಿಯೋ ಬಾಡಿಗೆ ಗಂಟೆಯ ಲೆಕ್ಕ. ವಾದ್ಯದವರು, ಗಾಯಕರು ಒಂದೇ ಕೋಣೆಯಲ್ಲಿ ಕೂತು ಮೊದಲಿಂದ ಕಡೆಯವರೆಗೆ ಒಂದೇ ಉಸಿರಿಗೆ ಮುಗಿಸಬೇಕು. ಒಬ್ಬ ಪಿಟೀಲಿನವನು ತಪ್ಪಿದರೆ ಎಲ್ಲರೂ ಮೊದಲಿಂದ. ಬಡ ಕನ್ನಡ ನಿರ್ಮಾಪಕ ಅಲ್ಲಿ ಸಿಗುವ ನುರಿತವರನ್ನು ಬಿಟ್ಟು ಹೊಸ ಕನ್ನಡ ಕಂಠವನ್ನು ಹುಡುಕುತ್ತಾನೆಯೇ? ಮೈಸೂರಿನ ರಾಜನ್-ನಾಗೇಂದ್ರರಲ್ಲಿ ನಾಗೇಂದ್ರ ತಾವೇ ಹಾಡುತ್ತಿದ್ದುದು ನಮ್ಮ ಕಡೆಯವರಿಗೆ ಸಣ್ಣ ಸಮಾಧಾನ.

ಇಲ್ಲಿ ಅರಕಲಗೂಡು ತಾಲ್ಲೂಕಿನ ಬಗ್ಗೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಕಾವೇರಿ ದಂಡೆಯ ರುದ್ರಪಟ್ಟಣ ಇರುವುದು ಇದೇ ತಾಲ್ಲೂಕಿನಲ್ಲಿ. ಸಂಕೇತಿಗಳ ಆ ಊರಿನಿಂದ ಬಂದ ಕರ್ನಾಟಕ ಸಂಗೀತದ ವಿದ್ವಾಂಸರನ್ನು ಎಣಿಸುತ್ತ ಕೂತರೆ ಲೇಖನ ಮುಗಿಯುವುದಿಲ್ಲ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅರವತ್ತರ ದಶಕದಲ್ಲಿ ಬೆಂಗಳೂರು ಆಕಾಶವಾಣಿಯಲ್ಲೇ ಕೆಲಸದಲ್ಲಿದ್ದರು, ಅಣ್ಣ ಆರ್.ಕೆ. ವೆಂಕಟರಾಮಾಶಾಸ್ತ್ರಿ ಪಿಟೀಲು. ರುದ್ರಪಟ್ಟಣಂ ಸೋದರರೆಂದು ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರ ಮೂಲವೂ ಅದೇ. ಒಂದೇ ಪೆಟ್ಟಿಗೆಯ ಒಂದು ಮುಳ್ಳಿನಲ್ಲಿ ಪಕ್ಕದೂರಿನ ವಿದ್ವಾಂಸರ ಕಲ್ಯಾಣಿ, ಸ್ವಲ್ಪ ತಿರುಗಿಸಿದರೆ ಕಾಕಿನಾಡದವರ ಸಿನಿಮಾ ಹಾಡು. ಮನೆಯ ಹಿರಿಯರು ಮೊದಲಿನದಕ್ಕೆ ಕೂರುತ್ತಿದ್ದರು, ಹುಡುಗರು ಅವರು ಸಂಧ್ಯಾವಂದನೆಗೆ ಏಳುವುದನ್ನೇ ಕಾಯುತ್ತಿದ್ದರು. ಕೇಸ್ಕರರ ಜಗಳ ಹಜಾರದಲ್ಲೇ ನಡೆಯುತ್ತಿತ್ತು ಎನ್ನಿ.

ಇದೇ ತಾಲ್ಲೂಕಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡಿದ್ದ ಅರಕಲಗೂಡು ನರಸಿಂಗರಾವ್ ಕೃಷ್ಣರಾವ್, ಎಂದರೆ ಅ.ನ.ಕೃ., ಆ ಹೊತ್ತಿಗೆ ಬೆಂಗಳೂರಿನಲ್ಲಿ ಬೇರೊಂದು ಜಗಳ ಹೂಡಿದ್ದರು. ರಾಮೋತ್ಸವದ ಸಂಗೀತ ಮಂಟಪಗಳಲ್ಲಿ ಕನ್ನಡದ ವಿದ್ವಾಂಸರಿಗೆ ಜಾಗವೆಲ್ಲಿ, ಎಲ್ಲ ಮದರಾಸಿನವರಿಗೇ ಏಕೆ ಎಂಬುದು ಒಂದು ಪ್ರಶ್ನೆ. ಡಬ್ಬಿಂಗ್ ಚಿತ್ರಗಳು ಕನ್ನಡ ಚಿತ್ರಗಳ ಕತ್ತು ಹಿಸುಕುತ್ತಿವೆ ಎಂಬುದು ಇನ್ನೊಂದು. ಮ. ರಾಮಮೂರ್ತಿಯವರಂಥ ಕನ್ನಡ ಹೋರಾಟಗಾರರು ಜೊತೆಗಿದ್ದರು. ಚಳವಳಿಗೆ ಫಲ ಸಿಕ್ಕಿತು, ಡಬ್ಬಿಂಗ್ ನಿಂತಿತು. ಆದರೆ ಕನ್ನಡ ಚಿತ್ರಗಳ ಹಾಡನ್ನು ತೆಲುಗರು ಹಾಡುವುದರ ಬಗ್ಗೆ ಅಂಥ ಗದ್ದಲ 1960ರ ದಶಕದಲ್ಲಿ ಏಳಲಿಲ್ಲ. ವೇದಿಕೆಯ ಮೇಲೆ ಕೂತ ಹೊರಗಿನವರು ಕಣ್ಣಿಗೆ ಬೀಳುತ್ತಾರೆ, ಹಿನ್ನೆಲೆಯವರು ಬೀಳುವುದಿಲ್ಲ ಎಂಬುದು ಒಂದು ಕಾರಣವಿರಬೇಕು. ಇನ್ನೊಂದು, ಆ ದನಿ ರಾಜ್‌ಕುಮಾರರ ಮುಖದಿಂದ ಹೊರಟಿತ್ತು. ರಾಜ್ ಶರೀರ, ಪಿಬಿಎಸ್ ಶಾರೀರ ಎಂಬ ಮಾತೇ ಚಾಲ್ತಿಗೆ ಬಂತು. ತಮ್ಮದೇ ನಾಯಕನ ಗಂಟಲನ್ನು ಪರಕೀಯ ಎನ್ನುವುದು ಹೇಗೆ? 1966ರಲ್ಲಿ ಅ.ನ.ಕೃ. ಅವರ ಕಾದಂಬರಿ ‘ಸಂಧ್ಯಾರಾಗ’ವೇ ಚಿತ್ರವಾದಾಗ ಗಾಯಕ ಲಕ್ಷ್ಮಣನಾದವರು ರಾಜ್‌ಕುಮಾರ್. ಅದರ ಮುಖ್ಯ ಗೀತೆ ಗದುಗಿನ ಭೀಮಸೇನ ಜೋಶಿ, ಆಂಧ್ರದ ಬಾಲಮುರಳೀಕೃಷ್ಣ, ಎಸ್. ಜಾನಕಿ ಮೂವರ ಕಂಠದಲ್ಲೂ ಬಂತು. ಮೂರರಲ್ಲಿ ಯಾವುದು ಮೇಲು ಎಂದು ಕೇಳಿದರೆ ಹಾಸನದ ಹಳಬರು ಈಗಲೂ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಹೊರಗೆ, ಸಮುದ್ರದಾಚೆ, ಇದೇ ವರ್ಷಗಳಲ್ಲಿ ಎಲ್ವಿಸ್ ಪ್ರೆಸ್ಲಿ, ಲಖನೌದಲ್ಲಿ ಹುಟ್ಟಿದ ಕ್ಲಿಫ್ ರಿಚರ್ಡ್, ರೇ ಚಾರ್ಲ್ಸ್, ಸ್ಯಾಮ್ ಕುಕ್ ಮುಂತಾದವರ ಹೆಸರಿನಲ್ಲಿ ಹುಡುಗ ಹುಡುಗಿಯರು ಕಿರುಚಾಡುತ್ತಿದ್ದರು; 1962ರ ಅಕ್ಟೋಬರಿನಲ್ಲಿ ಬೀಟಲ್ಸ್ ಮೊದಲ ತಟ್ಟೆ ತಂದರು. ಸಿಲೋನಿನ ಇಂಗ್ಲಿಷ್ ಪ್ರಸಾರದಲ್ಲಿ ಇವು ಬರುತ್ತಿದ್ದವು. ಅದನ್ನು ಕೇಳಿ ಬೆಂಗಳೂರಿನಲ್ಲಿ ಗಿಟಾರು ಹಿಡಿದ ಹುಡುಗರಲ್ಲಿ ಒಬ್ಬರಾದ ಬಿದ್ದು, ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ, ಆಮೇಲೆ ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ನ ನಿರ್ಮಾಪಕರಾಗಿ ಜಗತ್ತಿಗೆಲ್ಲ ಗೊತ್ತಾದರು. ನಮ್ಮ ಜಿಲ್ಲೆಯಲ್ಲಿ ಆ ಗಾಳಿ ಸಕಲೇಶಪುರದ ಕಾಫಿ ತೋಟಗಳ ಬಂಗಲೆ, ಕ್ಲಬ್ಬುಗಳನ್ನು ದಾಟಿ ಆಲೂಗಡ್ಡೆ ಹೊಲದ ಕಡೆಗೆ ಬಂದಿದ್ದು ಕಡಿಮೆ. ಬಂದದ್ದು ಬಳಸುದಾರಿಯಲ್ಲಿ: 1961ರ ‘ಜಂಗ್ಲೀ’ಯಲ್ಲಿ ಶಮ್ಮಿ ಕಪೂರ್‌ಗೆ ರಫಿ ಹಾಡಿದ ಹಾಡಿನಲ್ಲಿ, ಆಮೇಲೆ ಎಲ್.ಆರ್. ಈಶ್ವರಿಯವರ ಕ್ಲಬ್ ಹಾಡುಗಳಲ್ಲಿ.

ಸಿನಿಮಾದ ಹೊರಗೆ ಕನ್ನಡಕ್ಕೆ ತನ್ನದೇ ಒಬ್ಬ ತಾರೆ ಇದ್ದರು, ಪಿ. ಕಾಳಿಂಗರಾಯರು. ಅವರ ಅಕ್ಕಪಕ್ಕದಲ್ಲಿ ಮೋಹನಕುಮಾರಿ, ಸೋಹನಕುಮಾರಿ. ಕವಿಗಳ ಪದ್ಯವನ್ನು ಪುಸ್ತಕದಿಂದ ತೆಗೆದು ಸಂತೆ, ಸಭೆಗಳ ಬಾಯಿಗೆ ಹಾಕಿದವರು ಅವರು. ಮುಖ ಕಂಡು, ಎದುರಿಗೆ ಕೂತು ಕೇಳಿದ ಗಾಯಕರಾದ್ದರಿಂದ ಇವರ ಅಭಿಮಾನಿಗಳಿಗೆ ಯಾರ ದನಿ ಎಂಬ ಗೊಂದಲವೇ ಇರಲಿಲ್ಲ. ಸಿನಿಮಾದವರೂ ಅದೇ ಹಾದಿಗೆ ಬಂದರು. 1963ರ ‘ಗೌರಿ’ಯಲ್ಲಿ ಜಿ.ಕೆ. ವೆಂಕಟೇಶ್ ಕುವೆಂಪು ಅವರ ಒಂದು ಕವಿತೆಯನ್ನೂ ಕೆ.ಎಸ್. ನರಸಿಂಹಸ್ವಾಮಿಯವರ ಒಂದನ್ನೂ ಚಿತ್ರಗೀತೆ ಮಾಡಿದರು. ಪಠ್ಯಪುಸ್ತಕದಲ್ಲಿ ಕಂಠಪಾಠಕ್ಕೆ ಒದ್ದಾಡುತ್ತಿದ್ದ ಹುಡುಗರು ಆ ಪದ್ಯಗಳನ್ನು ಸೈಕಲ್ ಮೇಲೆ ಹಾಡಿಕೊಂಡು ಹೋದರು. ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಸಿ. ಅಶ್ವಥ್ ಮುಂದೆ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆಯ ಕೆಲಸದ ಜೊತೆಜೊತೆಗೇ ಇದೇ ಕಾಳಿಂಗರಾಯರ ದಾರಿಯನ್ನು ಹೆದ್ದಾರಿ ಮಾಡಿದರು. ಶರೀಫರ ಪದಗಳು, ‘ಮೈಸೂರು ಮಲ್ಲಿಗೆ’ ಎಲ್ಲ ಅವರಿಂದ ಕ್ಯಾಸೆಟ್ಟಿಗೆ ಬಂದವು. ಹಾಸನ ಜಿಲ್ಲೆ ಕೊಟ್ಟ ಅತಿ ದೊಡ್ಡ ಜನಪ್ರಿಯ ಕಂಠ ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬರಲು ಇನ್ನೂ ಹದಿನೈದು ವರ್ಷ ಕಾಯಬೇಕಿತ್ತು.

ಜಿಲ್ಲೆಯ ಕಥೆಯೊಂದು ಮಾತ್ರ ಬೇಗ ತೆರೆಗೆ ಬಂತು. 1964ರ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಕಥೆ ನಮ್ಮ ಬೇಲೂರಿನ ಗುಡಿ ಕಟ್ಟಿದವನೆಂದು ಜನ ನಂಬುವ ಶಿಲ್ಪಿಯದು. ತೆಗೆದವರು ಬಿ.ಎಸ್. ರಂಗಾ, ಸಂಗೀತ ಸಾಲೂರು ರಾಜೇಶ್ವರರಾವ್, ನಾಯಕ ಕಲ್ಯಾಣಕುಮಾರ್. ಬಣ್ಣದ ಗುಡಿ ನೋಡಲು ಗುಡಿಯ ಸುತ್ತಲಿನ ಊರಿನವರೇ ದುಡ್ಡು ಕೊಟ್ಟು ಡೇರೆಗೆ ನುಗ್ಗಿದರು.

1967ರ ಸುಮಾರಿಗೆ ಗೆರೆಗಳು ಕಲಸಿಹೋದವು. ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ರಫಿ ಕನ್ನಡದಲ್ಲಿ ಹಾಡಿದರು. ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ ಲತಾ ಹಾಡಿದರು. ಹಿಂದಿ ಪಕ್ಷದ ಹುಡುಗರು ಸುಮ್ಮನಾಗಿ ಕನ್ನಡದ ತಟ್ಟೆ ಕೇಳಬೇಕಾಗಿ ಬಂತು. ಅಷ್ಟರಲ್ಲಿ ಟ್ರಾನ್ಸಿಸ್ಟರು ಹಗ್ಗದಲ್ಲಿ ನೇತಾಡಿಕೊಂಡು ಗದ್ದೆಯ ಬದುವಿಗೂ ಬಂದಿತ್ತು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಶ್ರೀನಿವಾಸರು ಜಾನಕಿಯವರೊಡನೆ ಇಂಗ್ಲಿಷಿನಲ್ಲೇ ಹಾಡು ಮುದ್ರಿಸಿ ಆರ್ಮ್‌ಸ್ಟ್ರಾಂಗ್‌ಗೂ ಅಮೆರಿಕದ ಅಧ್ಯಕ್ಷರಿಗೂ ಕಳಿಸಿದರು. ಅಭಿಮಾನಿಗಳಿಗೆ ಹೆಮ್ಮೆಯಾಯಿತು, ಹಾಡು ಕೇಳಿದವರು ಎಷ್ಟು ಜನವೋ.

ಗಂಡುದನಿಯ ಎರಡೂ ಪಕ್ಷಗಳಿಗೆ ಪೆಟ್ಟು ಬಿದ್ದದ್ದು 1974ರಲ್ಲಿ. ಫೆಬ್ರವರಿಯಲ್ಲಿ ಘಂಟಸಾಲ ತೀರಿಕೊಂಡರು. ಅದೇ ವರ್ಷ ‘ಸಂಪತ್ತಿಗೆ ಸವಾಲ್’ ಬಂತು. ಅದರಲ್ಲಿ ಜಿ.ಕೆ. ವೆಂಕಟೇಶ್ ಎಮ್ಮೆಯ ಮೇಲೆ ಕೂತ ರಾಜ್‌ಕುಮಾರರಿಂದಲೇ ಹಾಡಿಸಿದರು. ಹಾಡು ಹಳ್ಳಿಹಳ್ಳಿಯಲ್ಲಿ ಹೊತ್ತಿಕೊಂಡಿತು. ಆಮೇಲೆ ರಾಜ್‌ಕುಮಾರ್ ತಮ್ಮ ಹಾಡನ್ನು ಹೆಚ್ಚಾಗಿ ತಾವೇ ಹಾಡಿಕೊಂಡರು. ಹಳ್ಳಿಯ ಹಿರಿಯರು ಹದಿನೈದು ವರ್ಷದಿಂದ ನಂಬಿಕೊಂಡು ಬಂದದ್ದು ನಿಜವಾಯಿತು. ನಾವು ಆಗಲೇ ಹೇಳಿರಲಿಲ್ವಾ, ಅವ್ರೇ ಹಾಡೋದು ಅಂತ ಎಂದು ಅವರು ಗೆದ್ದವರ ಹಾಗೆ ಬೀಗಿದರು. ಶ್ರೀನಿವಾಸರ ಕಡೆಯವರು ಮಾತ್ರ ಒಪ್ಪಲಿಲ್ಲ. ಎಮ್ಮೆಯ ಹಾಡಿಗೆ ಅದು ಸರಿ, ಕನಕದಾಸನಿಗೆ ನಡೆಯೋದಿಲ್ಲ ಎಂದು ವಾದಿಸಿದರು.